ಮಾತಾಡಿಸುವ ವಿದ್ಯೆ

ಮೊಬೈಲಿನ ಪರದೆಯಲ್ಲಿ ಮೈಕಿನ ಚಿತ್ರದ ಮೇಲೆ ಅಡ್ಡಗೆರೆ ಇರುವಷ್ಟು ಹೊತ್ತು ಹುಡುಗಿಯದು ಒಂದು ಕನ್ನಡ. ‘ಯವ್ವಾ, ಸಪ್ಪಳ ಮಾಡಬ್ಯಾಡಬೇ, ಕ್ಲಾಸ್ ನಡದೈತಿ’ ಎಂದು ಒಲೆಯ ಕಡೆ ತಿರುಗಿ ಹೇಳುತ್ತಾಳೆ. ಅಷ್ಟರಲ್ಲಿ ಹಾಜರಿಯಲ್ಲಿ ಅವಳ ಹೆಸರು ಬರುತ್ತದೆ. ಬೆರಳು ಗೆರೆಯನ್ನು ತೆಗೆಯುತ್ತದೆ, ದನಿ ತೆಳ್ಳಗಾಗುತ್ತದೆ. ‘ಹಾಜರ್ ಸರ್, ಕೇಳಿಸ್ತಾ ಇದೆ ಸರ್.’ ಎರಡು ಮಾತುಗಳ ನಡುವೆ ಉಸಿರೆಳೆಯುವಷ್ಟೂ ಹೊತ್ತು ಕಳೆದಿಲ್ಲ. ‘ಐತಿ’ ಇದ್ದ ಕಡೆ ‘ಇದೆ’ ಬಂದು ಕೂತಿದೆ.

2020 ಮತ್ತು 2021ರಲ್ಲಿ ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಕಾಲೇಜಿಗೆ ಹೋಗುವ ಮಕ್ಕಳಿದ್ದ ಮನೆಗಳಲ್ಲಿ ಇದು ದಿನವೂ ನಡೆದ ಸಂಗತಿ. 2020ರ ಮಾರ್ಚ್ 22ರ ಜನತಾ ಕರ್ಫ್ಯೂ, 25ರಿಂದ ಲಾಕ್‌ಡೌನ್. ರಾಜ್ಯದ ಪದವಿ ಕಾಲೇಜುಗಳು ಮತ್ತೆ ಬಾಗಿಲು ತೆರೆದದ್ದು ನವೆಂಬರ್ 17ಕ್ಕೆ. ನಡುವಿನ ಅಷ್ಟು ತಿಂಗಳು ತರಗತಿ ಎನ್ನುವುದು ಪಡಸಾಲೆಯ ಮೂಲೆಗೆ, ಮಾಳಿಗೆಯ ಮೇಲಕ್ಕೆ, ನೆಟ್‌ವರ್ಕ್ ಸಿಗುವ ಹೊಲದ ಬದುವಿಗೆ ಬಂದು ನಿಂತಿತು. ಕನ್ನಡವನ್ನೋ ಇಂಗ್ಲಿಷನ್ನೋ ಮುಖ್ಯ ವಿಷಯವಾಗಿ ತೆಗೆದುಕೊಂಡ ಮಕ್ಕಳಿಗೆ ಭಾಷಾವಿಜ್ಞಾನದ ಪಾಠವೂ ಅಲ್ಲಿಯೇ ಆಯಿತು. ಆ ಪಾಠಗಳಲ್ಲಿ ಒಂದಕ್ಕೆ ಮಾತ್ರ ಹಾಗೆ ಮನೆಗೆ ಬಂದದ್ದು ನಷ್ಟವಲ್ಲ, ಭಾಗ್ಯ. ಅದು ಸಾಮಾಜಿಕ ಭಾಷಾವಿಜ್ಞಾನ.

ಯಾರು, ಯಾರ ಜೊತೆ, ಎಲ್ಲಿ, ಯಾವಾಗ, ಹೇಗೆ ಮಾತಾಡುತ್ತಾರೆ; ಹಾಗೇ ಯಾಕೆ ಮಾತಾಡುತ್ತಾರೆ. ಈ ವಿದ್ಯೆಯ ತಿರುಳು ಇಷ್ಟೇ. ವ್ಯಾಕರಣ ಪುಸ್ತಕ ‘ಹೀಗೆ ಹೇಳಬೇಕು’ ಎಂದರೆ, ಇದು ‘ಹೀಗೆ ಹೇಳುತ್ತಾರಲ್ಲ, ಏನಿದರ ಗುಟ್ಟು’ ಎಂದು ಕೇಳುತ್ತದೆ. ಅದಕ್ಕೆ ಬೇಕಾದ ಪ್ರಯೋಗಶಾಲೆ ಕಾಲೇಜಿನಲ್ಲಿ ಇರುವುದಿಲ್ಲ. ಅವ್ವನ ಒಲೆಯ ಮುಂದೆ, ಅಜ್ಜನ ಕಟ್ಟೆಯ ಮೇಲೆ, ರೇಷನ್ ಅಂಗಡಿಯ ಸಾಲಿನಲ್ಲಿ ಇರುತ್ತದೆ. ಮಹಾಮಾರಿ ಮಕ್ಕಳನ್ನು ಆ ಶಾಲೆಯೊಳಗೇ ಕೂಡಿಹಾಕಿತು.

ಐತಿ, ಅದ, ಇದೆ

ಈ ವಿದ್ಯೆಗೆ ಅಡಿಪಾಯ ಹಾಕಿದ ಅಮೆರಿಕದ ವಿಲಿಯಂ ಲಬೋವ್ ಅವರ ಒಂದು ಪ್ರಯೋಗ ಜಗತ್ತಿನ ಎಲ್ಲ ತರಗತಿಗಳಲ್ಲೂ ಹೇಳುವ ಕಥೆ. 1962ರಲ್ಲಿ ಅವರು ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಿಗೆ ಗಿರಾಕಿಯಂತೆ ಹೋದರು. ಒಂದು ಸಿರಿವಂತರದು, ಒಂದು ನಡುಮಟ್ಟದವರದು, ಒಂದು ಅಗ್ಗದ ದರದ್ದು. ನಾಲ್ಕನೆಯ ಮಹಡಿಯಲ್ಲಿ ಸಿಗುವ ಸಾಮಾನು ಎಲ್ಲಿದೆ ಎಂದು ಕೆಲಸದವರನ್ನು ಕೇಳಿದರು. ಉತ್ತರದಲ್ಲಿ ‘ಫೋರ್ತ್ ಫ್ಲೋರ್’ ಎನ್ನುವಾಗ ರಕಾರ ಕೇಳಿಸುತ್ತದೋ ಇಲ್ಲವೋ ಎನ್ನುವುದಷ್ಟೇ ಅವರ ಲೆಕ್ಕ. ಕೇಳಿಸದವರಂತೆ ಇನ್ನೊಮ್ಮೆ ಕೇಳಿ, ಎಚ್ಚರದಿಂದ ಹೇಳಿದ ಉತ್ತರವನ್ನೂ ಗುರುತು ಹಾಕಿಕೊಂಡರು. ಅಂಗಡಿ ದುಬಾರಿಯಾದಷ್ಟೂ ರಕಾರ ಹೆಚ್ಚು. ಎಚ್ಚರ ಹೆಚ್ಚಾದಾಗಲೂ ರಕಾರ ಹೆಚ್ಚು. ಒಂದೇ ಅಕ್ಷರದಲ್ಲಿ ಊರಿನ ಶ್ರೇಣಿಯೆಲ್ಲ ಕಾಣಿಸಿತು.

ನಮ್ಮ ಕಡೆಯ ‘ನಾಲ್ಕನೆಯ ಮಹಡಿ’ ಯಾವುದು ಎಂದು ಹುಡುಕಿ ಅಲೆಯಬೇಕಾಗಿಲ್ಲ. ‘ಇರು’ ಧಾತುವಿನ ಮೂರು ರೂಪ ಸಾಕು. ಬೈಲಹೊಂಗಲದ ಸಂತೆಯಲ್ಲಿ ‘ಎಷ್ಟೈತಿ?’ ಎನ್ನುತ್ತಾರೆ. ಅದೇ ಊರಿನ ಬ್ರಾಹ್ಮಣರ ಮನೆಯಲ್ಲಿ ‘ಎಷ್ಟದ?’ ಎಂದು ಕೇಳಿಸುತ್ತದೆ. ವಿಜಯಪುರ, ಕಲಬುರಗಿಯ ದಾರಿ ಹಿಡಿದರೆ ಆ ‘ಅದ’ ಜಾತಿಯ ಗಡಿ ದಾಟಿ ಎಲ್ಲರ ಮಾತಾಗುತ್ತದೆ. ಪಾಠದಲ್ಲಿ, ಭಾಷಣದಲ್ಲಿ, ಬೆಂಗಳೂರಿಗೆ ಮಾಡುವ ಫೋನಿನಲ್ಲಿ ‘ಇದೆ’ ಬರುತ್ತದೆ. ‘ಮಾಡಾಕತ್ತೇನಿ’, ‘ಮಾಡ್ಲಿಕ್ಕೆ ಹತ್ತೇನಿ’, ‘ಮಾಡ್ತಾ ಇದ್ದೇನೆ’ ಎಂಬ ಮೂರೂ ಹೀಗೆಯೇ. ಕೆಲಸ ಒಂದೇ. ಯಾವ ರೂಪ ಬಾಯಿಗೆ ಬರುತ್ತದೆ ಎನ್ನುವುದರಲ್ಲಿ ಊರು, ಮನೆತನ, ಓದು, ಎದುರಿಗೆ ನಿಂತವರ ಮೇಲಿನ ಸಲಿಗೆ ಎಲ್ಲವೂ ಇರುತ್ತದೆ.

ಇದನ್ನು ವಿದ್ವಾಂಸರು ಗುರುತಿಸಿ ಅರುವತ್ತು ವರ್ಷ ಮೀರಿತು. ಧಾರವಾಡದ ಕನ್ನಡದಲ್ಲಿ ಜಾತಿಗಳಿಗೆ ತಕ್ಕಂತೆ ಮಾತು ಹೇಗೆ ಕವಲೊಡೆಯುತ್ತದೆ ಎನ್ನುವುದರ ಮೇಲೆ ವಿಲಿಯಂ ಮೆಕಾರ್ಮಕ್ 1960ರಲ್ಲೇ ಪ್ರಬಂಧ ಪ್ರಕಟಿಸಿದರು. ಬೆಳಗಾವಿಯಲ್ಲಿ ಮೇಷ್ಟರಾಗಿದ್ದು ಆಮೇಲೆ ಷಿಕಾಗೊ ಸೇರಿದ ಎ.ಕೆ. ರಾಮಾನುಜನ್, ವಿಲಿಯಂ ಬ್ರೈಟ್ ಜೊತೆ ಸೇರಿ ದಕ್ಷಿಣದ ಭಾಷೆಗಳಲ್ಲಿ ಬ್ರಾಹ್ಮಣರ ಮತ್ತು ಬ್ರಾಹ್ಮಣೇತರರ ಮಾತು ಬದಲಾಗುವ ಬಗೆಯನ್ನು ಹೋಲಿಸಿದರು. 1964ರಲ್ಲಿ ಅಚ್ಚಾದ ಆ ಬರಹ ಈಗಲೂ ಜಗತ್ತಿನ ಹಲವು ಕಡೆ ಪಾಠವಾಗುತ್ತದೆ. ಅಂದರೆ ಈ ಶಾಸ್ತ್ರ ಕಣ್ಣು ತೆರೆಯುವ ಹೊತ್ತಿನಲ್ಲಿ ನಮ್ಮ ಸೀಮೆಯ ಕನ್ನಡ ಅದರ ತೊಟ್ಟಿಲ ಪಕ್ಕದಲ್ಲೇ ಇತ್ತು. ಆದರೆ ನಮ್ಮ ಮಕ್ಕಳು ಓದುವಾಗ ನ್ಯೂಯಾರ್ಕಿನ ರಕಾರ ಬಾಯಿಪಾಠವಾಗುತ್ತದೆ, ತಮ್ಮ ಮನೆಯ ‘ಐತಿ’ ತಪ್ಪು ಕನ್ನಡ ಎಂಬ ನಾಚಿಕೆ ಹಾಗೇ ಉಳಿಯುತ್ತದೆ. ನನಗೆ ಈ ನಾಚಿಕೆಯ ಬಗ್ಗೆ ಬಹಳ ಸಂಕಟವಿದೆ. ಮೈಕಿನ ಗೆರೆ ತೆಗೆಯುವ ಮುಂಚೆ ಆ ಹುಡುಗಿಯ ಗಂಟಲಲ್ಲಿ ಒಂದು ಗಳಿಗೆ ನಿಂತದ್ದು ಅದೇ ನಾಚಿಕೆ.

ಮರೆತ ಸ್ವರವನ್ನು ನೆನಪಿಟ್ಟ ಮಾತು

ನಾಚಿಕೆಗೆ ಮದ್ದು ತಿಳಿವಳಿಕೆ. ‘ಬ್ಯಾನಿ’ ಎಂಬ ಒಂದು ಶಬ್ದವನ್ನೇ ನೋಡಿ. ಕೊರೊನಾ ಕಾಲದಲ್ಲಿ ಈ ಸೀಮೆಯ ಹಿರಿಯರ ಬಾಯಲ್ಲಿ ‘ಜಡ್ಡು’, ‘ಬ್ಯಾನಿ’ ಎರಡೂ ಎದ್ದು ಬಂದವು. ‘ಬೇನೆ’ ಎಂಬುದನ್ನು ಹಳ್ಳಿಯವರು ಕೆಡಿಸಿ ‘ಬ್ಯಾನಿ’ ಮಾಡಿದರು ಎಂದು ತಿಳಿದವರು ಬಹಳ. ಕೆಡಿಸಿದ್ದಲ್ಲ, ಕಟ್ಟುನಿಟ್ಟಾದ ನಿಯಮ ಪಾಲಿಸಿದ್ದು.

ಮನೆ ನಮ್ಮಲ್ಲಿ ಮನಿ, ಎಲೆ ಎಲಿ. ಶಬ್ದದ ಕೊನೆಯ ಎಕಾರ ಇಕಾರವಾಗುತ್ತದೆ. ಬೇನೆ, ಪೇಟೆ, ಬೇಳೆ, ವೇಳೆ ಇವುಗಳ ಕೊನೆಯೂ ಹಾಗೇ ಆಗಿದೆ: ಬ್ಯಾನಿ, ಪ್ಯಾಟಿ, ಬ್ಯಾಳಿ, ವ್ಯಾಳಿ. ಜೊತೆಗೆ ಮೊದಲಿನ ಏಕಾರವೂ ಬಾಯಗಲಿಸಿ ‘ಯಾ’ ಆಗಿದೆ. ಹಾಗಾದರೆ ಎಲ್ಲ ಏಕಾರವೂ ಹೀಗಾಗಬೇಕಿತ್ತಲ್ಲ? ಹೊಲದ ಬೇಲಿ ನಮ್ಮಲ್ಲೂ ಬೇಲಿಯೇ, ಯಾರೂ ‘ಬ್ಯಾಲಿ’ ಎನ್ನುವುದಿಲ್ಲ. ಕೇರಿ ಕೇರಿಯೇ, ಬೇವು ಬೇವೇ. ಬೇಳೆ ಬ್ಯಾಳಿಯಾಗಿ ಬೇಲಿ ಬೇಲಿಯಾಗಿಯೇ ಉಳಿದದ್ದು ಯಾಕೆ? ಮುಂದಿನ ಸ್ವರವನ್ನು ನೋಡಬೇಕು. ಮುಂದೆ ಮೂಲದಲ್ಲಿ ಅ ಅಥವಾ ಎ ಇದ್ದರೆ ಏಕಾರ ಅಗಲುತ್ತದೆ. ಇ ಅಥವಾ ಉ ಇದ್ದರೆ ಅಗಲುವುದಿಲ್ಲ. ಓಕಾರಕ್ಕೂ ಇದೇ ನಿಯಮ. ಜೋಳ ಜ್ವಾಳವಾಗುತ್ತದೆ, ಕೋಳಿ ಕೋಳಿಯಾಗಿಯೇ ಉಳಿಯುತ್ತದೆ.

ಈಗ ಬೆರಗಿನ ಸಂಗತಿ. ‘ಬ್ಯಾಳಿ’ಯ ಕೊನೆಯಲ್ಲಿ ಇಂದು ಎಕಾರವಿಲ್ಲ, ಇಕಾರವಾಗಿ ಎಷ್ಟೋ ತಲೆಮಾರು ಕಳೆದಿವೆ. ಆದರೂ ಒಂದು ಕಾಲಕ್ಕೆ ಅಲ್ಲಿ ಎಕಾರ ಇತ್ತು ಎನ್ನುವುದನ್ನು ಮೊದಲಿನ ‘ಬ್ಯಾ’ ನೆನಪಿಟ್ಟುಕೊಂಡಿದೆ. ಓದು ಬರಹ ಬಾರದ ಆಯಿ ದಿನಕ್ಕೆ ನೂರು ಸಲ ಈ ನಿಯಮವನ್ನು ತಪ್ಪದೆ ಪಾಲಿಸುತ್ತಾಳೆ. ಯಾರೂ ಅವಳಿಗೆ ಕಲಿಸಲಿಲ್ಲ. ಭಾಷೆಯ ಚರಿತ್ರೆ ಅವಳ ನಾಲಿಗೆಯ ಮೇಲಿದೆ. ಇದನ್ನು ಕಂಡುಕೊಳ್ಳಲು ವಿದ್ಯಾರ್ಥಿಗೆ ಬೇಕಾದದ್ದು ಒಂದು ನೋಟ್‌ಬುಕ್ಕು, ಒಂದು ಪೆನ್ನು, ಒಂದು ವಾರ ಸುಮ್ಮನೆ ಕೂತು ಕೇಳುವ ತಾಳ್ಮೆ. ಲಾಕ್‌ಡೌನಿನಲ್ಲಿ ಮೂರೂ ಕೈಯಳತೆಯಲ್ಲಿದ್ದವು.

ಹೊಸ ಜಡ್ಡು, ಹೊಸ ಶಬ್ದ

ಜಗತ್ತಿನ ನಿಘಂಟುಕಾರರಿಗೆ 2020 ಮರೆಯಲಾಗದ ವರ್ಷ. ಪ್ರತಿವರ್ಷ ಒಂದು ಶಬ್ದವನ್ನು ಆರಿಸುವ ಆಕ್ಸ್‌ಫರ್ಡಿನವರು ಆ ವರ್ಷಕ್ಕೆ ಒಂದೇ ಶಬ್ದ ಸಾಲದು ಎಂದು ಹಲವನ್ನು ಪಟ್ಟಿ ಮಾಡಿದರು. ಕಾಲಿನ್ಸ್ ನಿಘಂಟು ‘ಲಾಕ್‌ಡೌನ್’ ಎಂಬುದನ್ನು ಆರಿಸಿತು. ಕನ್ನಡದಲ್ಲಿಯೂ ಶಬ್ದಗಳ ಸುಗ್ಗಿಯೇ ಆಯಿತು. ಪತ್ರಿಕೆಗಳು ಸೋಂಕಿತರು, ಗುಣಮುಖರು, ಮುಖಗವಸು, ಲಸಿಕೆ ಎಂದು ಬರೆದವು. ಓಣಿಯ ಬಾಯಿ ಮಾಸ್ಕ್, ಸ್ಯಾನಿಟೈಸರ್, ಸೀಲ್‌ಡೌನ್ ಎಂದಿತು. ಲಸಿಕೆ ಹಾಕಿಸಿಕೊಳ್ಳುವುದು ನಮ್ಮ ಕಡೆ ‘ಸೂಜಿ ಮಾಡಿಸ್ಕೊಳ್ಳೋದು’ ಆಯಿತು.

ಹೊಸ ಶಬ್ದಗಳ ಪಟ್ಟಿ ಮಾಡುವುದು ಸುಲಭ. ಅವು ಕನ್ನಡದೊಳಗೆ ಬರಲು ಯಾವ ಬಾಗಿಲು ಹಿಡಿದವು ಎಂದು ನೋಡುವುದರಲ್ಲಿ ನಿಜವಾದ ಪಾಠವಿದೆ. ‘ಸೀಲ್‌ಡೌನ್ ಮಾಡ್ಯಾರ’, ‘ಪಾಸಿಟಿವ್ ಬಂದೈತಿ’, ‘ಕ್ವಾರಂಟೈನಿಗೆ ಹಾಕ್ಯಾರ’. ನಾಮಪದ ಪರದೇಶದ್ದು, ಅದನ್ನು ದುಡಿಸುವ ಕ್ರಿಯಾಪದ ನಮ್ಮದು. ಈ ಮೂರರಲ್ಲಿ ಜನ ಬಳಸಿದ ಕ್ರಿಯಾಪದ ಮೂರು ಬಗೆಯ ಅನುಭವ ಹೇಳುತ್ತದೆ. ‘ಮಾಡ್ಯಾರ’ ಎಂದಾಗ ಮಾಡಿದವರು ಯಾರೋ ಇದ್ದಾರೆ, ಸರ್ಕಾರ, ಪಂಚಾಯತಿ. ‘ಬಂದೈತಿ’ ಎಂದಾಗ ಮಾಡಿದವರಿಲ್ಲ. ಜ್ವರ ಬಂದಂತೆ, ಮಳೆ ಬಂದಂತೆ ತಾನಾಗಿ ಬಂದದ್ದು. ‘ಹಾಕ್ಯಾರ’ ಎಂದಾಗ ಮನುಷ್ಯ ಸಾಮಾನಿನಂತೆ ಒಂದು ಕಡೆ ಇಡಲ್ಪಟ್ಟಿದ್ದಾನೆ. ನಲವತ್ತು ದಿನ ಎಂಬ ಅರ್ಥದ ಇಟಲಿಯ ಶಬ್ದದಿಂದ ಹುಟ್ಟಿದ ಕ್ವಾರಂಟೈನ್ ನಮ್ಮ ಹಳ್ಳಿಗಳಲ್ಲಿ ಅವಧಿಯ ಹೆಸರಾಗಿ ಉಳಿಯಲಿಲ್ಲ, ಜಾಗದ ಹೆಸರಾಯಿತು. ದುಡಿಯಲು ಹೋದ ಊರಿಂದ ಮರಳಿ ಬಂದವರನ್ನು ಇರಿಸಿದ ಸಾಲಿ, ಹಾಸ್ಟೆಲು ಇವೇ ಕ್ವಾರಂಟೈನು.

‘ಪಾಸಿಟಿವ್’ ಶಬ್ದದ ಪಾಡು ಇನ್ನೊಂದು. ಮೊದಲು ಅದು ಒಳ್ಳೆಯ ವಿಚಾರದ ಹೆಸರು. ಆ ಎರಡು ವರ್ಷ ಅದನ್ನು ಕೇಳಿದರೆ ಎದೆ ಧಸಕ್ಕೆನ್ನುತ್ತಿತ್ತು. ‘ನೆಗೆಟಿವ್’ ಎಂದಾಗ ದೇವರಿಗೆ ಕೈಮುಗಿದರು. ರೋಗದ ಹೆಸರನ್ನು ನೇರವಾಗಿ ಹೇಳಲು ಹಿಂಜರಿದು ‘ಅವರ ಮನಿಗೆ ಬಂದೈತಂತ’ ಎಂದಷ್ಟೇ ಪಿಸುಗುಟ್ಟಿದವರು ಎಷ್ಟೋ ಜನ. ಇದು ಹೊಸತಲ್ಲ. ಸಿಡುಬನ್ನು ‘ಅವ್ವ ಬಂದಾಳ’ ಎಂದು ಕರೆದ ನಾಡು ನಮ್ಮದು. ದೀಪ ಆರಿಸು ಎನ್ನದೆ ‘ದೊಡ್ಡದು ಮಾಡು’ ಎನ್ನುವ, ಹೋಗುತ್ತೇನೆ ಎನ್ನದೆ ‘ಹೋಗಿ ಬರ್ತೇನಿ’ ಎನ್ನುವ ಮನೆಗಳು ನಮ್ಮವು. ಕೆಟ್ಟದ್ದನ್ನು ಹೆಸರಿಟ್ಟು ಕರೆದರೆ ಓಗೊಟ್ಟು ಬಂದೀತು ಎಂಬ ಅಂಜಿಕೆಯೂ ಭಾಷೆಯ ನಿಯಮಗಳಲ್ಲಿ ಒಂದು.

ಅಂತರ ಎಂಬ ಶಬ್ದದ ಭಾರ

ಆ ದಿನಗಳಲ್ಲಿ ಗೋಡೆ ಗೋಡೆಯ ಮೇಲೆ ಬರೆದ ಮಾತು ‘ಸಾಮಾಜಿಕ ಅಂತರ’. ಇಂಗ್ಲಿಷಿನಿಂದ ತಂದ ಈ ಜೋಡಿ ಶಬ್ದ ಕನ್ನಡದಲ್ಲಿ ಬೇರೆಯೇ ಭಾರ ಹೊತ್ತಿತು. ‘ದೂರ ನಿಲ್ಲು’, ‘ಮುಟ್ಟಬ್ಯಾಡ’ ಎಂಬ ಮಾತುಗಳನ್ನು ಶತಮಾನಗಳಿಂದ ಕೇಳಿಸಿಕೊಂಡ ಕೇರಿಗಳು ನಮ್ಮ ಊರುಗಳಲ್ಲಿವೆ. ಅಲ್ಲಿಯವರಿಗೆ ಸಾಮಾಜಿಕ ಅಂತರ ರೋಗ ತಡೆಯಲು ಬಂದ ಹೊಸ ಉಪಾಯವಾಗಿ ಕೇಳಿಸುವುದು ಹೇಗೆ? ವಿಶ್ವ ಆರೋಗ್ಯ ಸಂಸ್ಥೆಯೂ 2020ರ ಮಾರ್ಚಿನಲ್ಲೇ ‘ದೈಹಿಕ ಅಂತರ’ ಎನ್ನುವುದು ಮೇಲೆಂದು ಹೇಳಿತು. ನಮ್ಮ ಗೋಡೆಗಳ ಮೇಲೆ ಹಳೆಯದೇ ಉಳಿಯಿತು.

ಸಾಮಾಜಿಕ ಭಾಷಾವಿಜ್ಞಾನಕ್ಕೂ ‘ಸಾಮಾಜಿಕ ಅಂತರ’ ಎಂಬುದು ಹಳೆಯ ಪಾರಿಭಾಷಿಕ ಶಬ್ದ. ಅಲ್ಲಿ ಅದನ್ನು ಮೀಟರಿನಲ್ಲಿ ಅಳೆಯುವುದಿಲ್ಲ, ಸಂಬೋಧನೆಯಲ್ಲಿ ಅಳೆಯುತ್ತಾರೆ. ರೇಷನ್ ಅಂಗಡಿಯ ಮುಂದೆ ಸುಣ್ಣದಲ್ಲಿ ಬಿಡಿಸಿದ ವೃತ್ತಗಳೆಲ್ಲ ಒಂದೇ ಅಳತೆಯವು. ಆದರೆ ಅವುಗಳೊಳಗೆ ನಿಲ್ಲಲು ಹೇಳಿದ ಮಾತು ಒಂದೇ ಆಗಿತ್ತೆ? ‘ಸ್ವಲ್ಪ ಸರದ ನಿಂದರ್ರಿ’ ಎಂದು ಒಬ್ಬರಿಗೆ, ‘ಏ, ದೂರ ನಿಂದ್ರಲೇ’ ಎಂದು ಇನ್ನೊಬ್ಬರಿಗೆ. ‘ರೀ’ ಮತ್ತು ‘ಲೇ’ ನಡುವಿನ ಅಂತರ ಆರು ಅಡಿಗಿಂತ ದೊಡ್ಡದು. ಯಾರಿಗೆ ಯಾವುದು ಸಂದಿತು ಎಂದು ಒಂದು ದಿನ ಸಾಲಿನಲ್ಲಿ ನಿಂತು ಲೆಕ್ಕ ಹಾಕಿದರೆ ಊರಿನ ನಕ್ಷೆ ಸಿಗುತ್ತದೆ. ‘ಲೇ’ ಎಂದರೆಲ್ಲ ಅವಮಾನವೂ ಅಲ್ಲ. ಗೆಳೆಯ ಗೆಳೆಯನಿಗೆ ‘ಹೆಂಗದಿಲೇ?’ ಎಂದಾಗ ಅದೇ ಅಕ್ಷರ ಹೆಗಲ ಮೇಲಿನ ಕೈಯಾಗುತ್ತದೆ. ತಿರುಗಿ ‘ಲೇ’ ಎಂದು ಕರೆಯಲು ಎದುರಿನವನಿಗೂ ಹಕ್ಕಿದೆಯೇ ಎನ್ನುವುದೇ ಪರೀಕ್ಷೆ.

ಆಶಾ ಕಾರ್ಯಕರ್ತೆಯರು ಮನೆ ಮನೆ ತಿರುಗಿ ಹೆಸರು, ವಯಸ್ಸು, ಜ್ವರ, ಕೆಮ್ಮು ಬರೆದುಕೊಂಡ ದಿನಗಳಲ್ಲಿ ಇನ್ನೊಂದು ಪಾಠ ನಡೆಯಿತು. ‘ಮನಿಯವರ ಹೆಸರೇನ್ರಿ?’ ಎಂದರೆ ಹಿರಿಯ ಹೆಂಗಸು ನಕ್ಕು ಮಗನ ಕಡೆ ತಿರುಗುತ್ತಾಳೆ: ‘ನಿಮ್ಮಪ್ಪನ ಹೆಸರ ಹೇಳಪಾ.’ ಗಂಡನ ಹೆಸರು ಹಿಡಿಯಬಾರದೆಂಬ ಕಟ್ಟಳೆ ನಮ್ಮ ಕಡೆ ಇನ್ನೂ ಜೀವಂತ. ಅದಕ್ಕೊಂದು ದಾರಿಯನ್ನೂ ಹೆಂಗಸರೇ ಮಾಡಿಕೊಂಡಿದ್ದಾರೆ. ಮದುವೆ, ಸೀಮಂತದಲ್ಲಿ ಪ್ರಾಸ ಕಟ್ಟಿ, ಆ ಪ್ರಾಸದ ಮಡಿಲಲ್ಲಿ ಗಂಡನ ಹೆಸರಿಟ್ಟು ಹೇಳುವ ಒಡಪು. ಸಾದಾ ಮಾತಿನಲ್ಲಿ ಆಡಬಾರದ್ದನ್ನು ಕಾವ್ಯದಲ್ಲಿ ಆಡಬಹುದು ಎಂಬ ಒಪ್ಪಂದ ಅದು. ಸರ್ಕಾರದ ಅರ್ಜಿಯಲ್ಲಿ ಒಡಪಿಗೆ ಜಾಗವಿಲ್ಲ. ಅರ್ಜಿಗೂ ಒಡಪಿಗೂ ನಡುವೆ ಹೊಸ್ತಿಲ ಮೇಲೆ ನಿಂತ ಆ ಹೆಂಗಸಿನ ನಗುವನ್ನು ಬರೆದಿಡುವವರು ಬೇಕು.

ಊರೂರಿಗೆ ಬೇರೆ ಪದರ

ಈ ನಾಲ್ಕು ತಾಲ್ಲೂಕುಗಳು ಹತ್ತಿರದವು, ಆದರೆ ಅವುಗಳ ಮಾತಿನ ಪದರ ಬೇರೆ ಬೇರೆ. ರಾಮದುರ್ಗ 1948ರವರೆಗೆ ಭಾವೆ ಮನೆತನದ ಸಂಸ್ಥಾನ. ದರಬಾರಿನ ಮರಾಠಿ, ಪೇಟೆಯ ಕನ್ನಡ, ಮಗ್ಗದ ಮನೆಯ ಲಾಳಿ-ಹಾಸು-ಹೊಕ್ಕುಗಳ ಮಾತು ಅಲ್ಲಿ ಒಟ್ಟಿಗೆ ಬಾಳಿದವು. ಸಂಸ್ಥಾನ ಹೋದ ಮೇಲೆ ರಾಮದುರ್ಗವೂ ಸೇರಿ ಇಡೀ ಸೀಮೆ 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತದಲ್ಲಿ ಇದ್ದುದರಿಂದ ಹೊಲದ ಕಾಗದಕ್ಕೆ ಮೈಸೂರಿನವರು ಪಹಣಿ ಎಂದರೆ ನಮ್ಮವರು ಈಗಲೂ ‘ಉತಾರ’ ಎನ್ನುತ್ತಾರೆ. ಖರೆ, ಅಗದಿ, ಬರೋಬ್ಬರಿ, ದವಾಖಾನಿ ಇವೆಲ್ಲ ಮರಾಠಿ, ಉರ್ದುವಿನ ಒಡನಾಟದಿಂದ ಬಂದು ಮನೆಯ ಮಕ್ಕಳಾದವು. ಕೊರೊನಾ ತಂದ ಕ್ವಾರಂಟೈನ್ ನಾಳೆ ಹೀಗೆಯೇ ಮನೆಯದಾಗುತ್ತದೋ, ಜಡ್ಡಿನ ಜೊತೆಗೇ ಹೊರಟುಹೋಗುತ್ತದೋ ಕಾದು ನೋಡುವುದೂ ಸಂಶೋಧನೆಯೇ.

ಭಾಷೆಗಳು ಒಂದೇ ಓಣಿಯಲ್ಲಿ ಬಾಳಿದರೆ ಏನಾಗುತ್ತದೆ ಎನ್ನುವುದಕ್ಕೆ ಜಗತ್ತಿನ ಪಠ್ಯಪುಸ್ತಕಗಳು ಕೊಡುವ ಉದಾಹರಣೆ ನಮ್ಮ ನೆರೆಯದೇ. ಸಾಂಗ್ಲಿಯ ಪಕ್ಕದ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಆಡುವ ಕುಟುಂಬಗಳು ಶತಮಾನಗಳಿಂದ ಕೂಡಿ ಬಾಳಿದ್ದವು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರ ಇದು: ಅಲ್ಲಿ ಶಬ್ದಗಳು ಬೇರೆ ಬೇರೆಯಾಗಿಯೇ ಉಳಿದಿವೆ, ವಾಕ್ಯದ ಅಚ್ಚು ಮಾತ್ರ ಒಂದೇ ಆಗಿದೆ. ಮನೆಯೊಳಗೆ ತಮ್ಮ ಶಬ್ದಗಳನ್ನು ಕಾಪಾಡಿಕೊಂಡು, ಓಣಿಯಲ್ಲಿ ಸಲೀಸಾಗಿ ಬಾಳಲು ವಾಕ್ಯಗಳನ್ನು ಹೊಂದಿಸಿಕೊಂಡರು. ಅಲ್ಲಿಯ ಕನ್ನಡಕ್ಕೆ ಬಂದ ಬದಲಾವಣೆಗಳಲ್ಲಿ ಒಂದು ನಮ್ಮ ‘ಐತಿ’ಯದೇ. ‘ಯಾವುದು ನಿಮ್ಮ ಮನೆ?’ ಎಂಬ ಕನ್ನಡದ ವಾಕ್ಯಕ್ಕೆ ಕ್ರಿಯಾಪದ ಬೇಕಿಲ್ಲ. ಮರಾಠಿಗೆ, ಉರ್ದುವಿಗೆ ಬೇಕು. ಕುಪವಾಡದ ಕನ್ನಡ ಆ ಜಾಗದಲ್ಲಿ ‘ಐತಿ’ ತಂದು ಕೂರಿಸಿತು. ರಾಮದುರ್ಗದ ಪೇಟೆಯಲ್ಲಿ, ಸವದತ್ತಿಯ ಬಸ್ ನಿಲ್ದಾಣದಲ್ಲಿ ಜನ ಈ ಪ್ರಶ್ನೆಯನ್ನು ಹೇಗೆ ಕೇಳುತ್ತಾರೆ? ಯಾವ ಕಡೆ ‘ಐತಿ’ ಸೇರುತ್ತದೆ, ಯಾವ ಕಡೆ ಇಲ್ಲ? ಒಂದು ಪದವಿ ತರಗತಿಯ ಮಕ್ಕಳು ತಮ್ಮ ತಮ್ಮ ಊರಿನಲ್ಲಿ ಹತ್ತು ಹತ್ತು ಜನರನ್ನು ಕೇಳಿದರೆ ನಕ್ಷೆಯೇ ತಯಾರಾಗುತ್ತದೆ.

ಸವದತ್ತಿಯದು ಇನ್ನೊಂದು ಪದರ. ರಟ್ಟರ ಶಾಸನಗಳಲ್ಲಿ ಅದು ಸುಗಂಧವರ್ತಿ. ಅಲ್ಲಿಯ ಗುಡ್ಡದ ದೇವಿ ಒಬ್ಬಳೇ, ಹೆಸರು ಮೂರು: ಪೂಜೆಯ ಪುಸ್ತಕದಲ್ಲಿ ರೇಣುಕಾ, ಬೋರ್ಡಿನ ಮೇಲೆ ಯಲ್ಲಮ್ಮ, ಭಕ್ತರ ಬಾಯಲ್ಲಿ ಎಲ್ಲವ್ವ. ಹುಣ್ಣಿಮೆಗೆ ಮಹಾರಾಷ್ಟ್ರ, ಗೋವಾ, ಆಂಧ್ರದಿಂದ ಬಂದವರೆಲ್ಲ ತಂತಮ್ಮ ಭಾಷೆಯಲ್ಲಿ ಬೇಡಿಕೊಂಡರೂ ‘ಉಧೋ ಉಧೋ’ ಎನ್ನುವಾಗ ಒಂದೇ ಭಾಷೆಯವರಾಗುತ್ತಾರೆ. ಕೊರೊನಾ ಕಾಲದಲ್ಲಿ ಹಲವು ತಿಂಗಳು ಗುಡ್ಡದ ಬಾಗಿಲು ಮುಚ್ಚಿತ್ತು. ಆ ಉಧೋ ಕೇಳಿಸದ ಹುಣ್ಣಿಮೆಗಳು ಗುಡ್ಡದ ಕೆಳಗಿನವರ ನೆನಪಿನಲ್ಲಿ ಇನ್ನೂ ಇವೆ.

ಕಿತ್ತೂರಿನದು ಹೆಸರಿನ ಕಥೆ. ರೋಗಕ್ಕೆ ಊರಿನ, ದೇಶದ ಹೆಸರಿಡಬಾರದು ಎಂದು 2015ರಲ್ಲೇ ಸಲಹೆ ಕೊಟ್ಟಿದ್ದ ವಿಶ್ವ ಆರೋಗ್ಯ ಸಂಸ್ಥೆ, 2021ರ ಮೇ 31ರಂದು ವೈರಾಣುವಿನ ರೂಪಾಂತರಗಳಿಗೆ ಆಲ್ಫಾ, ಬೀಟಾ, ಡೆಲ್ಟಾ ಎಂದು ಗ್ರೀಕ್ ಅಕ್ಷರಗಳನ್ನಿಟ್ಟಿತು. ಹೆಸರು ಜನರನ್ನು ನೋಯಿಸಬಲ್ಲದು ಎಂದು ಜಗತ್ತು ಒಪ್ಪಿಕೊಂಡ ಅದೇ ವರ್ಷ, ನವೆಂಬರ್ 8ರಂದು, ನಮ್ಮ ಸಚಿವ ಸಂಪುಟ ‘ಮುಂಬೈ ಕರ್ನಾಟಕ’ವನ್ನು ‘ಕಿತ್ತೂರು ಕರ್ನಾಟಕ’ ಎಂದು ಕರೆಯಲು ತೀರ್ಮಾನಿಸಿತು. ಅಲ್ಲಿಯವರೆಗೆ ನಾವು ನಮ್ಮನ್ನು ಆಳಿದ ಪರಊರಿನ ಹೆಸರಿನಿಂದ ಕರೆಸಿಕೊಂಡಿದ್ದೆವು.

ಆ ಕಿತ್ತೂರಿನಲ್ಲಿ 1824ರ ಅಕ್ಟೋಬರ್ 23ರಂದು ರಾಣಿ ಚನ್ನಮ್ಮನ ಸೈನ್ಯದೊಂದಿಗಿನ ಕಾಳಗದಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತಾಗ ಅವನ ಸಹಾಯಕ ವಾಲ್ಟರ್ ಎಲಿಯಟ್ ರಾಣಿಯ ಸೆರೆಯಾಳಾದ. ಬಿಡುಗಡೆಯಾದ ಮೇಲೆ ಅದೇ ಎಲಿಯಟ್ ಈ ಸೀಮೆಯ ಊರೂರು ಅಲೆದು ನೂರಾರು ಕನ್ನಡ ಶಾಸನಗಳ ನಕಲು ಮಾಡಿಸಿದ. ಆಮೇಲೆ ಬಂದ ಗ್ರಿಯರ್ಸನ್ನರ ಭಾರತೀಯ ಭಾಷಾ ಸಮೀಕ್ಷೆ ದ್ರಾವಿಡ ಭಾಷೆಗಳ ಸಂಪುಟವನ್ನು 1906ರಲ್ಲಿ ಹೊರತಂದಿತು. ಬೈಬಲಿನ ದುಂದುಗಾರ ಮಗನ ಕಥೆಯೊಂದನ್ನೇ ಎಲ್ಲ ಭಾಷೆಗಳಲ್ಲಿ ಹೇಳಿಸಿ ಮಾದರಿ ಮಾಡಿಕೊಳ್ಳುವುದು ಅದರ ಕ್ರಮ. ಇಬ್ಬರ ದುಡಿಮೆಯೂ ದೊಡ್ಡದು. ಆದರೆ ಕಲ್ಲಿನ ಮಾತು ದಾಖಲಾಯಿತು, ಕಥೆಯ ಮಾತು ದಾಖಲಾಯಿತು. ಆ ಕಲ್ಲಿಗೆ ಒರಗಿ ಕೂತು ಮಾತಾಡುತ್ತಿದ್ದ ಹೆಂಗಸಿನ ಮಾತು ದಾಖಲಾಗಲಿಲ್ಲ. ಅವಳ ಒಡಪು, ಅವಳ ಬೈಗುಳ, ಅವಳ ಅಳು ಯಾವ ಸಂಪುಟದಲ್ಲೂ ಇಲ್ಲ.

ಮಣ್ಣಿಗೆ ಹೋಗದ ದಿನಗಳು

ಅಳು ಎಂದೆ. 2021ರ ಏಪ್ರಿಲ್, ಮೇ ತಿಂಗಳುಗಳ ನೆನಪು ಅಲ್ಲಿಗೇ ಕರೆದೊಯ್ಯುತ್ತದೆ. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಅಂತ್ಯಸಂಸ್ಕಾರಕ್ಕೆ ಹೋಗುವುದನ್ನು ‘ಮಣ್ಣಿಗೆ ಹೋಗೋದು’ ಎನ್ನುತ್ತಾರೆ. ಮಣ್ಣಿಗೆ ಹೋಗಲು ಆಗದವರು ಆಮೇಲೆ ಒಂದು ದಿನ ಹೋಗಿ ‘ಮಾತಾಡಿಸಿಕೊಂಡು’ ಬರುತ್ತಾರೆ. ಸಾಂತ್ವನ, ಸಂತಾಪ ಎಂಬ ದೊಡ್ಡ ಶಬ್ದಗಳು ನಮ್ಮಲ್ಲಿಲ್ಲ, ಮಾತಾಡಿಸುವುದೇ ಇದೆ. ಹೋಗಿ ಕೂತವರು ಹೆಚ್ಚು ಮಾತಾಡುವುದೂ ಇಲ್ಲ. ಕಳೆದುಕೊಂಡವರು ಮಾತಾಡುವಂತೆ ಮಾಡುತ್ತಾರೆ. ‘ಏನಾಗಿತ್ತ? ಯಾವಾಗ ಶುರುವಾತ? ಏನಂದ ಕಡೀಕೆ?’ ಅದೇ ಕಥೆಯನ್ನು ಬಂದವರೆಲ್ಲರಿಗೂ ಹೇಳುತ್ತ ಹೇಳುತ್ತ ಮನೆಯವರ ಎದೆ ಹಗುರಾಗುತ್ತದೆ. ಹೆಂಗಸರು ಹಾಡ್ಯಾಡಿಕೊಂಡು ಅಳುತ್ತಾರೆ. ಸತ್ತವರ ಗುಣ, ಅವರು ತಂದ ಸೀರೆ, ಮಾಡಿದ ಬಿತ್ತಿಗೆ, ಬಿಟ್ಟುಹೋದ ಸಾಲ ಎಲ್ಲವೂ ಆ ಅಳುವಿನ ಹಾಡಿನಲ್ಲಿ ಬರುತ್ತದೆ.

ಎರಡನೆಯ ಅಲೆಯಲ್ಲಿ ಇದೆಲ್ಲ ನಿಂತಿತು. ನಮ್ಮ ಬಳಗದಲ್ಲೂ ಮಣ್ಣಿಗೆ ಹೋಗಲಾಗದ ಸಾವು ಆಯಿತು. ಫೋನಿನಲ್ಲೇ ಮಾತಾಡಿಸಿದೆವು. ಎದುರು ಕೂತರೆ ಸುಮ್ಮನಿರುವುದೂ ಮಾತೇ ಆಗುತ್ತದೆ. ಫೋನಿನಲ್ಲಿ ಸುಮ್ಮನಾದರೆ ‘ಹಲೋ, ಕೇಳಸಾಕತ್ತೈತಿ?’ ಎಂದು ಕೇಳಬೇಕಾಗುತ್ತದೆ. ದುಃಖದ ನಡುವೆ ಆ ‘ಹಲೋ’ ಎಷ್ಟು ಕಠಿಣ ಎನ್ನುವುದು ಅನುಭವಿಸಿದವರಿಗೆ ಗೊತ್ತು. ಅದೇ ಹೊತ್ತಿಗೆ ‘ಆರಾಮ ಅದೀರಿ?’ ಎಂಬ ಸವೆದ ಮಾತಿಗೆ ಜೀವ ಬಂತು. ಮೊದಲು ಅದು ಉತ್ತರ ಕಾಯದ ವಾಡಿಕೆ. ಆ ದಿನಗಳಲ್ಲಿ ಕೇಳಿದವರು ಉತ್ತರಕ್ಕಾಗಿ ಉಸಿರು ಬಿಗಿಹಿಡಿದು ಕಾದರು.

ಮಾತು ಎಂದರೆ ಸುದ್ದಿ ಮುಟ್ಟಿಸುವುದಷ್ಟೇ ಅಲ್ಲ, ಅದು ಮಾಡುವ ಕೆಲಸ. ಯಾವ ಸಮುದಾಯದಲ್ಲಿ ಯಾವ ಹೊತ್ತಿಗೆ ಯಾವ ಮಾತು ಸಲ್ಲುತ್ತದೆ ಎಂಬ ಅರಿವೂ ಭಾಷಾಜ್ಞಾನವೇ ಎಂದು ಭಾಷಾವಿದ್ವಾಂಸ ಡೆಲ್ ಹೈಮ್ಸ್ 1960ರ ದಶಕದಿಂದ ವಾದಿಸಿದರು. ‘ಮಾತಾಡಿಸೋದು’ ಎಂಬ ಒಂದೇ ಕ್ರಿಯಾಪದದಲ್ಲಿ ನಮ್ಮ ಜನ ಅದನ್ನು ಕಟ್ಟಿಟ್ಟಿದ್ದಾರೆ. ಸಂಶೋಧಕ ಊರಿಗೆ ಹೋಗಿ ಮಾಡುವ ಕೆಲಸಕ್ಕೂ ಇದಕ್ಕಿಂತ ಸರಿಯಾದ ಹೆಸರಿಲ್ಲ. ಅವನೂ ಜನರನ್ನು ಮಾತಾಡಿಸಲೇ ಹೋಗುತ್ತಾನೆ. ಒಂದು ತೊಡಕು ಮಾತ್ರ ಅವನನ್ನು ಬಿಡುವುದಿಲ್ಲ. ಗಮನಿಸುವವರು ಎದುರಿಗಿದ್ದರೆ ಜನ ಸಹಜವಾಗಿ ಮಾತಾಡುವುದಿಲ್ಲ, ಸಂಶೋಧಕನಿಗೆ ಬೇಕಾದದ್ದು ಯಾರೂ ಗಮನಿಸದಾಗಿನ ಮಾತು. ಲಬೋವ್ ಗುರುತಿಸಿದ ಈ ಇಕ್ಕಟ್ಟಿನಿಂದ ಪಾರಾಗಲು ಹೊರಗಿನವರು ವರ್ಷಗಟ್ಟಲೆ ಒದ್ದಾಡುತ್ತಾರೆ. ಮನೆಯ ಮಗಳಿಗೆ ಆ ಒದ್ದಾಟ ಬಹುಮಟ್ಟಿಗೆ ಇಲ್ಲ. ಅವಳೆದುರು ಯಾರೂ ಕನ್ನಡ ತಿದ್ದಿಕೊಂಡು ಮಾತಾಡುವುದಿಲ್ಲ.

ನೋಟ್‌ಬುಕ್ಕಿನಲ್ಲಿ ಬರೆಯಬೇಕಾದದ್ದು

2010ರಲ್ಲಿ ಹುಟ್ಟಿದ ಬೆಳಗಾವಿಯ ವಿಶ್ವವಿದ್ಯಾಲಯಕ್ಕೆ ರಾಣಿ ಚನ್ನಮ್ಮನ ಹೆಸರಿದೆ. ಅವಳ ಸಮಾಧಿ ಬೈಲಹೊಂಗಲದಲ್ಲಿದೆ. ಆ ವಿಶ್ವವಿದ್ಯಾಲಯದ ಅಡಿಯಲ್ಲಿ ಓದುವ ಈ ನಾಲ್ಕು ಊರಿನ ಮಕ್ಕಳಿಂದ ನನ್ನ ಬೇಡಿಕೆ ದೊಡ್ಡದಲ್ಲ. ಭಾಷಾವಿಜ್ಞಾನದ ಪಾಠ ಶುರುವಾದ ದಿನದಿಂದ ಪ್ರತಿಯೊಬ್ಬರೂ ಒಂದು ಮಾತಿನ ದಿನಚರಿ ಇಡಲಿ. ದಿನಕ್ಕೆ ಒಂದು ಮಾತು ಸಾಕು. ಯಾರು ಹೇಳಿದರು, ಅವರ ವಯಸ್ಸು, ಕಸುಬು, ಯಾರಿಗೆ ಹೇಳಿದರು, ಎಲ್ಲಿ, ಯಾಕೆ ಎಂದು ಬರೆಯಲಿ. ಕೇಳಿದ್ದನ್ನು ಕೇಳಿದ ಹಾಗೆ ಬರೆಯಲಿ. ‘ಐತಿ’ಯನ್ನು ‘ಇದೆ’ ಎಂದು ತಿದ್ದಿದರೆ ದಿನಚರಿ ಸತ್ತಂತೆ. ಮನೆಯವರದೇ ಆದರೂ ಕೇಳಿ ಒಪ್ಪಿಗೆ ಪಡೆದು ಬರೆಯಲಿ, ಹೊರಗೆ ತೋರಿಸುವಾಗ ಹೆಸರು ತೆಗೆಯಲಿ. ಓಣಿಯ ಗುಟ್ಟನ್ನು ಮಾರ್ಕಿಗಾಗಿ ಬಯಲಿಗಿಡುವುದು ವಿದ್ಯೆಯಲ್ಲ. ತಿಂಗಳಿಗೊಮ್ಮೆ ತರಗತಿಯಲ್ಲಿ ಎಲ್ಲರೂ ಓದಿ, ಸವದತ್ತಿಯ ಮಾತನ್ನು ಕಿತ್ತೂರಿನದರ ಪಕ್ಕ, ಸಾಬರ ಓಣಿಯದನ್ನು ನೇಕಾರರ ಓಣಿಯದರ ಪಕ್ಕ ಇಟ್ಟು ನೋಡಲಿ.

ಮಾಡಬೇಕಾದ ಕೆಲಸಕ್ಕೆ ಅವಸರವೂ ಇದೆ. ಹಿಂದಿನ ಜಡ್ಡುಗಳ ಕಾಲದಲ್ಲಿ ಊರಿಗೆ ಊರೇ ಕೆಲಸ ನಿಲ್ಲಿಸಿ ‘ವಾರ’ ಹಿಡಿದದ್ದನ್ನು, ಊರು ಬಿಟ್ಟು ಹೊರಬೀಡಿಗೆ ಹೋದದ್ದನ್ನು ತಮ್ಮ ಹಿರಿಯರಿಂದ ಕೇಳಿ ಬಲ್ಲ ಅಜ್ಜ-ಆಯಿಗಳು ನಮ್ಮ ಮನೆಗಳಲ್ಲಿದ್ದರು. ಅವರಲ್ಲಿ ಹಲವರನ್ನು ಆ ಎರಡು ವರ್ಷಗಳು ಒಯ್ದವು. ಅವರ ಜೊತೆ ಹೋದ ಶಬ್ದಗಳು ಎಷ್ಟೋ. ಉಳಿದವರ ಮಾತಾದರೂ ಅವರ ಮೊಮ್ಮಕ್ಕಳ ಕೈಬರಹದಲ್ಲಿ ಉಳಿಯಬೇಕು.

ಮೊದಲ ಪುಟಕ್ಕೆ ಏನು ಬರೆಯಬೇಕು ಎಂದು ಕೇಳಿದರೆ, ಪಡಸಾಲೆಯ ಮೂಲೆಯಲ್ಲಿ ಮೊಬೈಲು ಹಿಡಿದು ಕೂತಿದ್ದ ಆ ಹುಡುಗಿಗೆ ನಾನು ಹೇಳುವುದು ಒಂದೇ. ತಂಗಿ, ಅವತ್ತು ನೀನು ಆಡಿದ ಎರಡೂ ಮಾತನ್ನು ಬರೆ. ಅವ್ವನಿಗೆ ಹೇಳಿದ್ದನ್ನು ಮೊದಲು ಬರೆ, ಸರ್‌ಗೆ ಹೇಳಿದ್ದನ್ನು ಅದರ ಕೆಳಗೆ ಬರೆ. ನಡುವೆ ಒಂದು ಸಾಲು ಖಾಲಿ ಬಿಡು. ಗೆರೆ ತೆಗೆಯುವ ಮುನ್ನ ಗಂಟಲಲ್ಲಿ ನಿಂತದ್ದೇನು ಎಂದು ತಿಳಿದ ದಿನ ಆ ಸಾಲನ್ನು ತುಂಬು.